ಕೋಳಿಯ ಹೆಗಲಲ್ಲೊಂದು ರಾಟೆ: ಹಾರಾಟದ ಸ್ನಾಯುಗಳನ್ನು ಅಡುಗೆಮನೆಯಲ್ಲೇ ಬಿಡಿಸಿ ನೋಡುವ ಬಗೆ

ಹಕ್ಕಿಯ ರೆಕ್ಕೆಯನ್ನು ಕೆಳಕ್ಕೆ ಬಡಿಯುವ ಸ್ನಾಯು ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ಎದೆಯತ್ತ ಬೆರಳು ತೋರಿಸುತ್ತಾರೆ, ಅದು ಸರಿ. ಬಡಿದ ರೆಕ್ಕೆಯನ್ನು ಮತ್ತೆ ಮೇಲಕ್ಕೆ ಎತ್ತುವ ಸ್ನಾಯು ಎಲ್ಲಿದೆ ಎಂದು ಕೇಳಿದ ಕೂಡಲೇ ಬೆರಳು ಬೆನ್ನಿನ ಕಡೆಗೆ ತಿರುಗುತ್ತದೆ. ನಮ್ಮ ತೋಳನ್ನು ಎತ್ತುವ ಸ್ನಾಯುಗಳು ಹೆಗಲ ಮೇಲೂ ಬೆನ್ನಿನ ಮೇಲ್ಭಾಗದಲ್ಲೂ ಇರುವುದರಿಂದ ಹಾಗೆ ತೋರುವುದು ಸಹಜ, ಬಾವಲಿಯ ಮಟ್ಟಿಗೆ ಆ ಉತ್ತರ ಬಹುಪಾಲು ಸರಿಯೂ ಹೌದು. ಆದರೆ ಹಕ್ಕಿಯಲ್ಲಿ ರೆಕ್ಕೆ ಎತ್ತುವ ಮುಖ್ಯ ಸ್ನಾಯು ಕೂಡ ಎದೆಯಲ್ಲೇ, ಅದೂ ಕೆಳಕ್ಕೆ ಬಡಿಯುವ ಸ್ನಾಯುವಿನ ಅಡಿಯಲ್ಲೇ ಮಲಗಿದೆ. ಕೆಳಗಿದ್ದುಕೊಂಡು ಮೇಲಕ್ಕೆ ಎತ್ತುವ ಈ ಕೆಲಸವನ್ನು ಅದು ಬಾವಿಯ ರಾಟೆಯ ಉಪಾಯದಿಂದ ಮಾಡುತ್ತದೆ: ನೀರು ಸೇದುವವರು ಹಗ್ಗವನ್ನು ಕೆಳಕ್ಕೆ ಜಗ್ಗಿದರೂ ಕೊಡ ಮೇಲಕ್ಕೇ ಬರುತ್ತದಲ್ಲ, ಹಾಗೆ.

ಇದನ್ನು ಚಿತ್ರದಲ್ಲಿ ನೋಡಿ ಅರ್ಥಮಾಡಿಕೊಳ್ಳುವುದು ಕಷ್ಟ. ಬಾಣದ ಗುರುತುಗಳಿರುವ ಚಿತ್ರಗಳನ್ನು ಹಲವು ಬಾರಿ ನೋಡಿದ್ದರೂ ನನಗೆ ಈ ರಚನೆ ನಿಜವಾಗಿ ತಿಳಿದದ್ದು ಅಂಗಡಿಯಿಂದ ತಂದ ಕೋಳಿಯ ಒಳ ಎದೆಸ್ನಾಯುವನ್ನು ಬೆರಳಲ್ಲಿ ಹಿಡಿದು ಎಳೆದಾಗ. ಎಳೆದದ್ದು ಕೆಳಕ್ಕೆ, ಎದ್ದದ್ದು ರೆಕ್ಕೆ. ಆ ಒಂದು ಎಳೆತಕ್ಕೆ ಓದುಗರನ್ನು ಕರೆದೊಯ್ಯುವುದೇ ಈ ಲೇಖನದ ಉದ್ದೇಶ. ಸುಮಾರು ಒಂದು ಗಂಟೆಯ ಕೆಲಸ, ಕೊನೆಗೆ ಕೋಳಿ ಸಾರಿಗೂ ಒದಗುತ್ತದೆ. ಮಾಂಸ ಮುಟ್ಟದವರಿಗಾಗಿ ರಟ್ಟು ಮತ್ತು ದಾರದ ಮಾದರಿಯೊಂದನ್ನು ಮುಂದೆ ವಿವರಿಸಿದ್ದೇನೆ.

ಕೋಳಿಯನ್ನು ಕೊಳ್ಳುವಾಗ

ಮೊದಲ ಸಲ ನಾನು ಎಡವಿದ್ದು ಇಲ್ಲಿಯೇ. ನಮ್ಮ ಕಡೆಯ ಅಂಗಡಿಗಳಲ್ಲಿ ಏನೂ ಹೇಳದಿದ್ದರೆ ಕೋಳಿಯ ಚರ್ಮವನ್ನು ಪುಕ್ಕದ ಸಮೇತ ಒಂದೇ ಎಳೆತಕ್ಕೆ ಸುಲಿದು, ರೆಕ್ಕೆಯ ತುದಿಯನ್ನು ಕತ್ತರಿಸಿ ಎಸೆದು, ಉಳಿದುದನ್ನು ತುಂಡು ಮಾಡಿ ಕೊಡುತ್ತಾರೆ. ಹೆಗಲಿನಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂದಂಚಿನಲ್ಲಿ ಹಾಯುವ ಮುಖ್ಯವಾದ ದಾರವೊಂದು, ಎಂದರೆ ಸ್ನಾಯುವಿನ ಎಳೆತವನ್ನು ಮೂಳೆಗೆ ಮುಟ್ಟಿಸುವ ರಜ್ಜು, ಚರ್ಮದ ಮಡಿಕೆಯೊಳಗೆ ಇರುವುದರಿಂದ ಸುಲಿಯುವಾಗ ಅದೂ ಚರ್ಮದ ಜೊತೆಗೇ ಹೋಗಿಬಿಡುತ್ತದೆ. ಆದ್ದರಿಂದ ‘ವಿತ್ ಸ್ಕಿನ್ ಬೇಕು, ಪುಕ್ಕ ಮಾತ್ರ ಕೀಳಿ, ಪೀಸ್ ಮಾಡಬೇಡಿ, ರೆಕ್ಕೆಯ ತುದಿ ಹಾಗೇ ಇರಲಿ’ ಎಂದು ಮೊದಲೇ ಬಿಡಿಸಿ ಹೇಳಬೇಕು. ನಾಟಿ ಕೋಳಿಯಾದರೆ ಬೆಂಕಿಯಲ್ಲಿ ಸುಡಬೇಡಿ ಎಂದೂ ಸೇರಿಸಿ, ಏಕೆಂದರೆ ಸುಟ್ಟ ಚರ್ಮ ಸೆಟೆದು ರೆಕ್ಕೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಅಂಗಡಿಯವರು ಜೀವಂತ ಕೋಳಿಯನ್ನು ನಿಮ್ಮೆದುರು ತಕ್ಕಡಿಗೆ ಇಟ್ಟಾಗ ಬರುವ ತೂಕವನ್ನು ಬರೆದಿಟ್ಟುಕೊಳ್ಳಿ. ಕೊನೆಯ ಲೆಕ್ಕಕ್ಕೆ ಅದು ಬೇಕು.

ಬ್ರಾಯ್ಲರ್ ಅಥವಾ ನಾಟಿ, ಯಾವುದಾದರೂ ಆಗುತ್ತದೆ. ಬ್ರಾಯ್ಲರ್‌ನಲ್ಲಿ ಸ್ನಾಯುಗಳು ದೊಡ್ಡವಾಗಿ, ಮೆತ್ತಗಿದ್ದು, ಬಿಡಿಸಲು ಸುಲಭ. ಆದರೆ ಅದು ಆರೇಳು ವಾರದ ಎಳೆಯ ಹಕ್ಕಿಯಾದ್ದರಿಂದ ಎದೆಮೂಳೆಯ ತುದಿ ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತದೆ. ನಾಟಿಯಲ್ಲಿ ಮೂಳೆ ಗಟ್ಟಿ, ದಾರಗಳು ಬಲವಾದವು, ಎಳೆದಾಗ ರೆಕ್ಕೆಯ ಚಲನೆ ಹೆಚ್ಚು ಖಚಿತ. ನನ್ನ ಆಯ್ಕೆ ನಾಟಿ. ಕೊಯ್ದ ಮೊದಲ ಕೆಲವು ಗಂಟೆ ಮಾಂಸ ಬಿಗಿದುಕೊಂಡಿರುವುದರಿಂದ ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು ಮರುದಿನ ಕೆಲಸಕ್ಕೆ ತೊಡಗುವುದು ಒಳ್ಳೆಯದು. ಕಾಡಿನ ಅಥವಾ ಬೀದಿಯ ಹಕ್ಕಿಯನ್ನು, ಅದು ಸತ್ತು ಬಿದ್ದದ್ದೇ ಆಗಿದ್ದರೂ, ಈ ಕೆಲಸಕ್ಕೆ ಎತ್ತಿ ತರಬಾರದು. ವನ್ಯಜೀವಿ ಕಾಯ್ದೆಯ ತೊಡಕು ಒಂದೆಡೆ, ರೋಗದ ಭಯ ಇನ್ನೊಂದೆಡೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಮೊನೆಯಿರುವ ಸಣ್ಣ ಚಾಕು, ಸಣ್ಣ ಕತ್ತರಿ, ತೆಂಗಿನ ಪೊರಕೆಯ ಎರಡು ಕಡ್ಡಿ, ಹಳೆಯ ಪತ್ರಿಕೆ, ಅಡುಗೆಮನೆಯ ತೂಕದ ಯಂತ್ರ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆಯಬಾರದು, ಸಿಡಿದ ಹನಿಗಳ ಜೊತೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸುತ್ತಲಿನ ಪಾತ್ರೆಗಳಿಗೂ ತರಕಾರಿಗೂ ಹರಡುತ್ತದೆ. ಬೇಯಿಸಿ ತಿನ್ನುವ ಉದ್ದೇಶವಿದ್ದರೆ ಹೊರಗಿಟ್ಟು ಒಂದು ಗಂಟೆಯೊಳಗೆ ಕೆಲಸ ಮುಗಿಸಿ.

ಮೊದಲ ಹಂತ: ಚಾಕು ಎತ್ತುವ ಮುನ್ನ

ಕೋಳಿಯನ್ನು ಅಂಗಾತ ಮಲಗಿಸಿ ಒಂದು ರೆಕ್ಕೆಯನ್ನು ನಿಧಾನವಾಗಿ ಬಿಡಿಸಿ ಹಿಡಿಯಿರಿ. ಇದು ನಿಮ್ಮದೇ ತೋಳು ಎಂದುಕೊಂಡು ಹೆಗಲಿನಿಂದ ಹೊರಟರೆ ದಾರಿ ತಪ್ಪುವುದಿಲ್ಲ. ಹೆಗಲಿನಿಂದ ಮೊಣಕೈವರೆಗೆ ಒಂದೇ ದಪ್ಪ ಮೂಳೆ. ಹೋಟೆಲಿನ ‘ಚಿಕನ್ ಲಾಲಿಪಾಪ್’ನಲ್ಲಿ ಹಿಡಿಕೆಯಾಗುವುದು ಹೆಚ್ಚಾಗಿ ಇದೇ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆ, ಒಂದು ತೆಳು, ಒಂದು ದಪ್ಪ. ಅದರಾಚೆಗೆ ಒಂದಕ್ಕೊಂದು ಬೆಸೆದುಕೊಂಡ ಅಂಗೈ ಮತ್ತು ಬೆರಳು, ಮುಂದಂಚಿನಲ್ಲಿ ಪುಟ್ಟ ಹೆಬ್ಬೆರಳು. ಮುಂದೋಳಿನ ದಪ್ಪ ಮೂಳೆಯ ಹಿಂಬದಿಯ ಚರ್ಮದಲ್ಲಿ ಸಾಲಾಗಿ ಕಾಣುವ ಗುಳಿಗಳು ದೊಡ್ಡ ಗರಿಗಳು ನಾಟಿಕೊಂಡಿದ್ದ ಜಾಗ.

ಈಗ ರೆಕ್ಕೆಯ ಮೇಲ್ತೋಳನ್ನು ಒಂದು ಕೈಯಲ್ಲಿ ಹಿಡಿದು, ಮಣಿಕಟ್ಟನ್ನಾಗಲಿ ತುದಿಯನ್ನಾಗಲಿ ಮುಟ್ಟದೆ, ಮುಂದೋಳನ್ನು ಮಾತ್ರ ಹಿಡಿದು ಮೊಣಕೈಯನ್ನು ನೇರ ಮಾಡಿ. ತುದಿ ತಾನಾಗಿಯೇ ಹೊರಕ್ಕೆ ಬಿಚ್ಚಿಕೊಳ್ಳುತ್ತದೆ. ಮೊಣಕೈ ಮಡಚಿದರೆ ತುದಿಯೂ ಮಡಚಿಕೊಳ್ಳುತ್ತದೆ. ಮುಂದೋಳಿನ ಎರಡು ಮೂಳೆಗಳು ಒಂದರ ಪಕ್ಕ ಒಂದು ಜಾರಿ ಮಣಿಕಟ್ಟನ್ನು ತಳ್ಳುವುದೂ ಎಳೆಯುವುದೂ ಇದಕ್ಕೆ ಒಂದು ಕಾರಣ. ಕೀಲಿನಿಂದ ಕೀಲಿಗೆ ಹಾಯುವ ದಾರಗಳು ಇನ್ನೊಂದು. ಮಣಿಕಟ್ಟನ್ನು ಬಿಚ್ಚಲು ಅಲ್ಲಿಯೇ ದಪ್ಪ ಸ್ನಾಯು ಬೇಕಿಲ್ಲದ್ದರಿಂದ ರೆಕ್ಕೆಯ ತುದಿ ಹಗುರವಾಗಿ ಉಳಿಯುತ್ತದೆ, ಹಗುರವಾದ ತುದಿಯನ್ನು ಸೆಕೆಂಡಿಗೆ ಹಲವು ಬಾರಿ ಬೀಸುವುದು ಭಾರವಾದ ತುದಿಯನ್ನು ಬೀಸುವುದಕ್ಕಿಂತ ಎಷ್ಟೋ ಅಗ್ಗ.

ಹೆಗಲಿಗೂ ಮಣಿಕಟ್ಟಿಗೂ ನಡುವೆ ಚರ್ಮದ ತೆಳು ಮಡಿಕೆಯೊಂದು ಹಾಯಿಯಂತೆ ಬಿಗಿದು ನಿಲ್ಲುವುದನ್ನು ಗಮನಿಸಿ. ಅದರ ಅಂಚನ್ನು ಬೆರಳ ನಡುವೆ ಉಜ್ಜಿದರೆ ಒಳಗೆ ಎಳೆಯೊಂದು ಸಿಗುತ್ತದೆ. ಹೆಗಲಿನ ಸಣ್ಣ ಸ್ನಾಯುವೊಂದು ಈ ಎಳೆಯನ್ನು ಬಿಗಿಹಿಡಿದು ರೆಕ್ಕೆಯ ಮುಂದಂಚನ್ನು ನೆಟ್ಟಗೆ ಇಡುತ್ತದೆ. ಸುಲಿಯುವಾಗ ಕಳೆದುಹೋಗುತ್ತದೆ ಎಂದೆನಲ್ಲ, ಆ ದಾರ ಇದೇ.

ಎರಡನೆಯ ಹಂತ: ದೊಡ್ಡ ಎದೆಸ್ನಾಯು

ಎದೆಯ ನಡುವೆ ಬೆರಳಾಡಿಸಿದರೆ ದೋಣಿಯ ಅಡಿಯಂತೆ ಎದ್ದು ನಿಂತ ಮೂಳೆಯ ಏಣು ಸಿಗುತ್ತದೆ. ಅದರ ಗುಂಟ ಚರ್ಮವನ್ನು ಸೀಳಿ ಎರಡೂ ಬದಿಗೆ ಸರಿಸಿ. ಏಣಿನ ಎಡಬಲಗಳಲ್ಲಿ ಕಾಣುವ ದಪ್ಪ ಮಾಂಸವೇ ದೊಡ್ಡ ಎದೆಸ್ನಾಯು, ಶಾಸ್ತ್ರದ ಹೆಸರು ಪೆಕ್ಟೊರಾಲಿಸ್. ಒಂದು ಪಕ್ಕವನ್ನು ಮಾತ್ರ ಬಿಡಿಸಿ, ಇನ್ನೊಂದನ್ನು ಹೋಲಿಕೆಗೆಂದು ಹಾಗೆಯೇ ಬಿಡಿ.

ಕತ್ತರಿಸುವ ಮುನ್ನ ಎಳೆಗಳ ದಿಕ್ಕನ್ನು ನೋಡಿ. ಏಣಿನ ಉದ್ದಕ್ಕೂ, ಕುತ್ತಿಗೆಯ ಬುಡದ ಕವೆಮೂಳೆಯ ಅಂಚಿನಿಂದಲೂ ಹೊರಟ ಎಳೆಗಳು ಬೀಸಣಿಗೆಯ ಕಡ್ಡಿಗಳಂತೆ ಒಟ್ಟುಗೂಡುತ್ತ ಹೆಗಲಿನ ಹತ್ತಿರ ತೋಳಮೂಳೆಯ ಮುಂಭಾಗದ ಒಂದು ಉಬ್ಬಿಗೆ ಹೋಗಿ ಸೇರುತ್ತವೆ. ಈ ಉಬ್ಬು ಹೆಗಲ ಕೀಲಿನ ತೀರ ಸಮೀಪದಲ್ಲಿರುವುದು ಮುಖ್ಯವಾದ ಸಂಗತಿ. ಕೀಲಿನ ಬಳಿ ಎಳೆದರೆ ಬಲ ಹೆಚ್ಚು ಹಾಕಬೇಕು, ಆದರೆ ಸ್ನಾಯು ಸ್ವಲ್ಪ ಕುಗ್ಗಿದರೂ ರೆಕ್ಕೆಯ ತುದಿ ದೊಡ್ಡ ಕಮಾನನ್ನೇ ಬೀಸುತ್ತದೆ. ಹಾಗೆಂದು ಸ್ನಾಯುವಿಗೆ ಕಡಿಮೆ ಕೆಲಸವೇನಿಲ್ಲ; ಪಾರಿವಾಳದ ಎದೆಸ್ನಾಯುವಿನ ಎಳೆ ಒಂದೊಂದು ಬಡಿತದಲ್ಲೂ ತನ್ನ ಉದ್ದದ ಸುಮಾರು ಮೂರನೇ ಒಂದರಷ್ಟು ಕುಗ್ಗುತ್ತದೆ.

ಈಗ ಚಾಕುವಿನ ಮೊನೆಯನ್ನು ಏಣಿಗೆ ಒತ್ತಿಕೊಂಡೇ ನಡೆಸುತ್ತ, ಆಮೇಲೆ ಕವೆಮೂಳೆಯ ಗುಂಟ ತಿರುಗಿಸುತ್ತ, ಹೊರಪದರವನ್ನು ಮಾತ್ರ ಬಿಡಿಸಬೇಕು. ಆಳಕ್ಕೆ ಇಳಿಸಬೇಡಿ. ಅರ್ಧ ಬೆರಳಿನಷ್ಟು ಬಿಡಿಸಿದ ಮೇಲೆ ಚಾಕು ಬದಿಗಿಟ್ಟು ಬೆರಳನ್ನೇ ನುಗ್ಗಿಸಿದರೆ ಎರಡು ಸ್ನಾಯುಗಳ ನಡುವಿನ ತೆಳು ಪೊರೆ ತಾನಾಗಿ ಬಿಟ್ಟುಕೊಡುತ್ತದೆ. ನಾನು ಒಮ್ಮೆ ಅವಸರಪಟ್ಟು ಚಾಕುವಿನಲ್ಲೇ ಮುಂದುವರಿದು ಒಳಗಿನ ಬಿಳಿಯ ದಾರವನ್ನೇ ತುಂಡರಿಸಿದೆ. ಅಂದಿನ ಪಾಠ ಅಲ್ಲಿಗೇ ಮುಗಿದು ಕೋಳಿ ನೇರವಾಗಿ ಬಾಣಲೆಗೆ ಹೋಯಿತು.

ತೋಳಮೂಳೆಯ ಕಡೆಯ ಅಂಟನ್ನು ಮಾತ್ರ ಉಳಿಸಿಕೊಂಡು ಬಿಡಿಸಿದ ಸ್ನಾಯುವನ್ನು ಹಿಡಿದು ಏಣಿನ ಕಡೆಗೆ ಎಳೆಯಿರಿ. ರೆಕ್ಕೆ ಎದೆಯ ಕಡೆಗೆ ಬರುತ್ತದೆ, ಹಾಗೆ ಬರುವಾಗ ಅದರ ಮುಂದಂಚು ತುಸು ಬಾಗುತ್ತದೆ. ಗಾಳಿಯನ್ನು ಕೆಳಕ್ಕಷ್ಟೇ ಅಲ್ಲದೆ ಹಿಂದಕ್ಕೂ ತಳ್ಳಲು ಈ ಬಾಗು ಬೇಕು. ಹಕ್ಕಿಯನ್ನು ಮೇಲೆ ಹಿಡಿದಿಡುವ ಬಲವೂ ಮುಂದೆ ನೂಕುವ ಬಲವೂ ಒಂದೇ ಬಡಿತದಲ್ಲಿ ಹುಟ್ಟುವುದು ಹೀಗೆ.

ಮೂರನೆಯ ಹಂತ: ಒಳ ಎದೆಸ್ನಾಯು ಮತ್ತು ಅದರ ದಾರ

ದೊಡ್ಡ ಸ್ನಾಯುವನ್ನು ಹೊರಕ್ಕೆ ಮಗುಚಿ ಇಟ್ಟರೆ ಅದರ ಅಡಿಯಲ್ಲಿ ಏಣಿಗೂ ಎದೆಮೂಳೆಯ ಹಲಗೆಗೂ ಒತ್ತಿಕೊಂಡು ಮಲಗಿದ, ಎರಡೂ ತುದಿ ಚೂಪಾದ ನೀಳ ಸ್ನಾಯು ಕಾಣುತ್ತದೆ. ಅಂಗಡಿಗಳಲ್ಲಿ ‘ಟೆಂಡರ್’ ಎಂದು ಬೇರೆಯಾಗಿ ಮಾರುವ ತುಂಡು ಇದೇ. ಶಾಸ್ತ್ರದಲ್ಲಿ ಸುಪ್ರಾಕೊರಾಕಾಯ್ಡಿಯಸ್ ಎನ್ನುತ್ತಾರೆ. ನಾವು ಒಳ ಎದೆಸ್ನಾಯು ಎನ್ನೋಣ. ಅದರ ಮುಂದಿನ ತುದಿ ಹೆಗಲಿನ ಕಡೆಗೆ ಸಾಗುತ್ತ ಮುತ್ತಿನಂತೆ ಹೊಳೆಯುವ ಬಿಳಿಯ ಪಟ್ಟಿಯಾಗಿ ಮೂಳೆಗಳ ಸಂದಿಯಲ್ಲಿ ಮಾಯವಾಗುತ್ತದೆ.

ಬ್ರಾಯ್ಲರ್‌ನಲ್ಲಿ ಈ ಸ್ನಾಯು ಒಮ್ಮೊಮ್ಮೆ ಹಸಿರು ಬಣ್ಣಕ್ಕೆ ತಿರುಗಿರುವುದುಂಟು. ಅದನ್ನು ಕಂಡು ಕೊಳೆತಿದೆ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗುವವರಿದ್ದಾರೆ. ಒಂದು ಕಡೆ ಮೂಳೆ, ಇನ್ನೊಂದು ಕಡೆ ಬಿಗಿಯಾದ ಪೊರೆ, ಹೀಗೆ ಇಕ್ಕಟ್ಟಿನಲ್ಲಿರುವ ಸ್ನಾಯುವಿದು. ಕೋಳಿ ಗಾಬರಿಗೊಂಡು ಜೋರಾಗಿ ರೆಕ್ಕೆ ಬಡಿದಾಗ ಸ್ನಾಯು ಉಬ್ಬಲು ನೋಡುತ್ತದೆ, ಉಬ್ಬಲು ಜಾಗವಿಲ್ಲದೆ ತನ್ನ ರಕ್ತನಾಳಗಳನ್ನು ತಾನೇ ಹಿಸುಕಿಕೊಂಡು ಒಳಗೊಳಗೇ ಸಾಯುತ್ತದೆ. ಹಾರಾಟಕ್ಕೆಂದು ರೂಪುಗೊಂಡ ರಚನೆಯನ್ನು ಮಾಂಸಕ್ಕಾಗಿ ಹಿಗ್ಗಿಸಿದ್ದರ ಫಲವಿದು. ಆ ಭಾಗವನ್ನು ಕಿತ್ತೆಸೆಯಿರಿ.

ಒಳ ಎದೆಸ್ನಾಯುವಿನ ಹಿಂದಿನ ತುದಿಯನ್ನು ಬೆರಳಿನಿಂದಲೇ ಮೂಳೆಯಿಂದ ಬಿಡಿಸಿ, ಮುಂದಿನ ದಾರವನ್ನು ಮುಟ್ಟದೆ ಬಿಡಿ. ಎಳೆಯುವ ಮುನ್ನ ಕೋಳಿಯನ್ನು ಬೋರಲು ಮಾಡಿಕೊಳ್ಳಲೇಬೇಕು. ಅಂಗಾತ ಮಲಗಿದ ಹಕ್ಕಿಯ ರೆಕ್ಕೆ ತನ್ನ ಭಾರಕ್ಕೇ ಬೆನ್ನಿನ ಕಡೆಗೆ ಜೋತು ಬಿದ್ದಿರುತ್ತದೆ. ಆ ಭಂಗಿಯಲ್ಲಿ ಸ್ನಾಯು ಎತ್ತಿತೋ ಭೂಮಿ ಎಳೆಯಿತೋ ತಿಳಿಯುವುದಿಲ್ಲ. ಮನೆಯಲ್ಲಿ ಇನ್ನೊಬ್ಬರು ಕೋಳಿಯ ಮೈಯನ್ನು ಎರಡೂ ಕೈಯಲ್ಲಿ ಹಿಡಿದು, ಹಾರುವ ಹಕ್ಕಿಯಂತೆ ಎದೆ ಕೆಳಗಾಗಿ, ಮೇಜಿನ ಅಂಚಿನಾಚೆಗೆ ಚಾಚಿ ನಿಲ್ಲಲಿ. ರೆಕ್ಕೆ ಕೆಳಕ್ಕೆ ತೂಗುತ್ತದೆ. ನೀವು ಅಡಿಯಿಂದ ಕೈ ಹಾಕಿ ಒಳ ಎದೆಸ್ನಾಯುವನ್ನು ಅದು ಮಲಗಿದ್ದ ದಿಕ್ಕಿಗೇ, ಎಂದರೆ ಹಿಂದಕ್ಕೂ ಕೆಳಕ್ಕೂ, ಒಂದೇ ಸಮನೆ ಎಳೆಯಿರಿ.

ತೂಗುತ್ತಿದ್ದ ರೆಕ್ಕೆ ಏಳುತ್ತದೆ. ಬಿಟ್ಟರೆ ಬೀಳುತ್ತದೆ. ಜೊತೆಯಲ್ಲಿ ಮಕ್ಕಳಿದ್ದರೆ ಈ ಹಂತದಿಂದ ಮುಂದಕ್ಕೆ ಹೋಗಲು ಹತ್ತು ನಿಮಿಷವಾದರೂ ಬೇಕಾದೀತು.

ನಾಲ್ಕನೆಯ ಹಂತ: ಮೂರು ಮೂಳೆಗಳ ನಡುವಿನ ಕಿಂಡಿ

ಆ ದಾರ ಹೋದದ್ದೆಲ್ಲಿಗೆ? ಮತ್ತೆ ಅಂಗಾತ ಮಲಗಿಸಿ ಹೆಗಲಿನ ಸುತ್ತಲಿನ ಮಾಂಸವನ್ನು ಕತ್ತರಿಯ ತುದಿಯಿಂದ ಸ್ವಲ್ಪಸ್ವಲ್ಪವೇ ಬಿಡಿಸುತ್ತ ಬನ್ನಿ. ಎದೆಮೂಳೆಯಿಂದ ಹೆಗಲಿಗೆ ಊರುಗೋಲಿನಂತೆ ನಿಂತ ಗಟ್ಟಿ ಮೂಳೆ ಕೊರಾಕಾಯ್ಡ್. ದೊಡ್ಡ ಎದೆಸ್ನಾಯು ಜಗ್ಗುವಾಗ ಹೆಗಲು ಎದೆಯೊಳಕ್ಕೆ ಕುಸಿಯದಂತೆ ತಡೆಯುವ ಕಂಬ ಇದು. ಬೆನ್ನಿನ ಗುಂಟ ಹಿಂದಕ್ಕೆ ಚಾಚಿದ, ಸಣ್ಣ ಕತ್ತಿಯಂಥದು ಅಲಗುಮೂಳೆ. ಎರಡೂ ಹೆಗಲುಗಳನ್ನು ಮುಂದುಗಡೆ ಸೇರಿಸುವುದು ಕವೆಮೂಳೆ. ಈ ಮೂರೂ ಸೇರುವ ಜಾಗದಲ್ಲಿ ಪುಟ್ಟ ಕಿಂಡಿಯೊಂದು ಉಳಿದಿದೆ. ಒಳ ಎದೆಸ್ನಾಯುವಿನ ದಾರ ಕೆಳಗಿನಿಂದ ಬಂದು, ಈ ಕಿಂಡಿಯಲ್ಲಿ ತೂರಿ, ಹೆಗಲ ಮೇಲಿಂದ ಹೊರಳಿ, ತೋಳಮೂಳೆಯ ಮೇಲ್ಬದಿಗೆ ಅಂಟುತ್ತದೆ. ಕಿಂಡಿಯ ಮಟ್ಟ ಹೆಗಲ ಕೀಲಿಗಿಂತ ಮೇಲಿದೆ ಎಂಬುದರಲ್ಲೇ ಇಡೀ ಗುಟ್ಟು ಅಡಗಿದೆ.

ಪೊರಕೆ ಕಡ್ಡಿಯ ದಪ್ಪ ತುದಿಯನ್ನು ದಾರದ ಪಕ್ಕದಲ್ಲೇ ಮೆಲ್ಲಗೆ ನುಗ್ಗಿಸಿದರೆ ಅದು ಕಿಂಡಿಯನ್ನು ಹಾದು ಹೆಗಲ ಮೇಲೆ ತಲೆ ಎತ್ತುತ್ತದೆ. ಸಿಗದಿದ್ದರೆ ಒತ್ತಾಯ ಬೇಡ. ದಾರವನ್ನು ಎಳೆದು ಬಿಟ್ಟು ಮಾಡುತ್ತ ಅದು ಅಲುಗುವ ಜಾಗವನ್ನು ಬೆರಳ ತುದಿಯಿಂದ ಹುಡುಕಿ. ಜರ್ಮನಿಯ ಬವೇರಿಯಾದ ಸುಣ್ಣಕಲ್ಲಿನಲ್ಲಿ ಪಳೆಯುಳಿಕೆಯಾಗಿ ದೊರೆತು 1861ರಲ್ಲಿ ಹೆಸರು ಪಡೆದ ಪುರಾತನ ಹಕ್ಕಿ ಆರ್ಕಿಯೋಪ್ಟೆರಿಕ್ಸ್‌ನಲ್ಲಿ ಗರಿಗಳು ಇಂದಿನ ಹಕ್ಕಿಯಂತೆಯೇ ಇದ್ದರೂ ಈ ಕಿಂಡಿ ಇನ್ನೂ ರೂಪುಗೊಂಡಿರಲಿಲ್ಲ. ಗರಿ ಮೊದಲು, ರಾಟೆ ಆಮೇಲೆ.

ಮಾಂಸ ಮುಟ್ಟದವರಿಗೆ

ಚಪ್ಪಲಿಯ ಖಾಲಿ ಡಬ್ಬಿಯೊಂದರ ಮೇಲಂಚಿಗಿಂತ ಮೂರು ಬೆರಳು ಕೆಳಗೆ, ಪಕ್ಕದ ಗೋಡೆಗೆ, ಉದ್ದನೆಯ ರಟ್ಟಿನ ರೆಕ್ಕೆಯೊಂದನ್ನು ಅಂಟುಪಟ್ಟಿಯಿಂದ ಬಾಗಿಲಿನಂತೆ ಆಡುವ ಹಾಗೆ ಅಂಟಿಸಿ. ಎಳನೀರು ಕುಡಿಯುವ ಕೊಳವೆಯ ಚಿಕ್ಕ ತುಂಡೊಂದನ್ನು ಡಬ್ಬಿಯ ಮೇಲಂಚಿನಲ್ಲಿ, ರೆಕ್ಕೆಯ ಬುಡದ ನೇರಕ್ಕೆ, ಅಡ್ಡಲಾಗಿ ಕೂರಿಸಿ. ಒಂದು ದಾರವನ್ನು ರೆಕ್ಕೆಯ ಮೇಲ್ಮೈಗೆ, ಬುಡದಿಂದ ಎರಡು ಬೆರಳಿನಾಚೆ ಅಂಟಿಸಿ, ಕೊಳವೆಯಲ್ಲಿ ತೂರಿಸಿ ಡಬ್ಬಿಯೊಳಕ್ಕೆ ಇಳಿಬಿಡಿ. ಇನ್ನೊಂದು ದಾರವನ್ನು ರೆಕ್ಕೆಯ ಕೆಳಮೈಗೆ ಅಂಟಿಸಿ, ಗೋಡೆಯ ಬುಡದಲ್ಲಿ ಮಾಡಿದ ತೂತಿನ ಮೂಲಕ ಒಳಕ್ಕೆ ತನ್ನಿ. ಎರಡೂ ದಾರಗಳನ್ನು ಕೆಳಕ್ಕೇ ಎಳೆಯಬೇಕು: ಮೊದಲನೆಯದಕ್ಕೆ ರೆಕ್ಕೆ ಏಳುತ್ತದೆ, ಎರಡನೆಯದಕ್ಕೆ ಇಳಿಯುತ್ತದೆ. ಆಮೇಲೆ ಕೊಳವೆಯನ್ನು ಬೇಕೆಂದೇ ರೆಕ್ಕೆಯ ಬುಡದ ಮಟ್ಟಕ್ಕೆ ಇಳಿಸಿ ನೋಡಿ. ಎಷ್ಟು ಎಳೆದರೂ ಜೋತುಬಿದ್ದ ರೆಕ್ಕೆ ಸರಿಯಾಗಿ ಮೇಲೇಳುವುದಿಲ್ಲ.

ಐದನೆಯ ಹಂತ: ಎತ್ತುವುದಕ್ಕಿಂತ ತಿರುಗಿಸುವುದು ದೊಡ್ಡದು

ಕೋಳಿಯನ್ನು ಮತ್ತೆ ಬೋರಲು ಹಿಡಿಸಿ. ಈ ಸಲ ಮೊಣಕೈಯನ್ನು ಲಂಬಕೋನಕ್ಕೆ ಮಡಚಿ, ಮುಂದೋಳಿಗೆ ಪೊರಕೆ ಕಡ್ಡಿಯೊಂದನ್ನು ಉದ್ದಕ್ಕೆ ಕಟ್ಟಿ ಒಳ ಎದೆಸ್ನಾಯುವನ್ನು ಎಳೆಯಿರಿ. ಮೇಲ್ತೋಳು ಏಳುವುದರ ಜೊತೆಗೆ ತನ್ನ ಅಕ್ಷದ ಸುತ್ತ ತಿರುಗುವುದು, ಅದರಿಂದ ಮುಂದೋಳೂ ಕಡ್ಡಿಯೂ ಮೇಲಕ್ಕೆ ಹೊರಳುವುದು ಕಾಣುತ್ತದೆ. ಬಾಗಿದ ಮುಂದಂಚನ್ನು ಈ ತಿರುಗು ಮತ್ತೆ ಮೇಲೆ ತರುತ್ತದೆ.

ಈ ಸ್ನಾಯು ಎಷ್ಟರ ಮಟ್ಟಿಗೆ ಅನಿವಾರ್ಯ ಎಂಬುದನ್ನು 1936ರಲ್ಲಿ ಸ್ಯೂ ಎಂಬ ಜರ್ಮನ್ ವಿಜ್ಞಾನಿ ಪರೀಕ್ಷಿಸಿದರು. ಒಳ ಎದೆಸ್ನಾಯುವಿನ ದಾರವನ್ನು ಕತ್ತರಿಸಿದ ಪಾರಿವಾಳಗಳು ಗಾಳಿಗೆ ಬಿದ್ದ ಮೇಲೆ ಹಾರಬಲ್ಲವಾಗಿದ್ದವು, ಆದರೆ ಸಮತಟ್ಟಾದ ನೆಲದಿಂದ ಮೇಲೇಳಲಾರದೆ ಹೋದವು. ವೇಗವಾಗಿ ಸಾಗುವ ಹಕ್ಕಿಯ ರೆಕ್ಕೆಯನ್ನು ಎದುರು ಬರುವ ಗಾಳಿಯೇ ಎತ್ತಿಕೊಡುತ್ತದೆ, ಹೆಗಲ ಮೇಲಿನ ಸಣ್ಣ ಸ್ನಾಯುಗಳೂ ಕೈಜೋಡಿಸುತ್ತವೆ. ನಿಂತಲ್ಲಿಂದ ಏಳುವಾಗ, ನಿಧಾನಿಸಿ ಕೊಂಬೆಗೆ ಇಳಿಯುವಾಗ ಆ ಗಾಳಿಯಿಲ್ಲ. ಆಗ ರೆಕ್ಕೆಯನ್ನು ಥಟ್ಟನೆ ತಿರುಗಿಸಿ ಎತ್ತಿ ಮುಂದಿನ ಬಡಿತಕ್ಕೆ ಅಣಿಮಾಡುವವರು ಬೇಕು. ಒಳ ಎದೆಸ್ನಾಯುವಿನ ಮುಖ್ಯ ಕೆಲಸ ತೋಳನ್ನು ತಿರುಗಿಸುವುದೇ ಎಂದು 1997ರಲ್ಲಿ ಅಮೆರಿಕದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದರು. ಕಡ್ಡಿ ಹೊರಳಿದ್ದನ್ನು ಕಣ್ಣಾರೆ ಕಂಡವರಿಗೆ ಅವರ ಮಾತು ಒಪ್ಪಿಗೆಯಾಗುತ್ತದೆ.

ಎರಡು ಸ್ನಾಯುಗಳು ಸರದಿಯಂತೆ, ಒಂದು ನಿಂತ ಮೇಲೆ ಇನ್ನೊಂದು ದುಡಿಯುತ್ತವೆ ಎಂದುಕೊಳ್ಳಬಾರದು. ರೆಕ್ಕೆ ಇನ್ನೂ ಮೇಲೇರುತ್ತಿರುವಾಗಲೇ ದೊಡ್ಡ ಎದೆಸ್ನಾಯು ಬಿಗಿಯಲು ತೊಡಗಿ ಅದನ್ನು ತಡೆಯುತ್ತದೆ. ಕೆಳಬಡಿತ ಮುಗಿಯುವ ಮುನ್ನವೇ ಒಳಗಿನದು ಎಚ್ಚರಗೊಳ್ಳುತ್ತದೆ. ಉಯ್ಯಾಲೆ ತೂಗುವವರು ಅದು ಹಿಂದಕ್ಕೆ ಬರುತ್ತಿರುವಾಗಲೇ ಕೈಯೊಡ್ಡುತ್ತಾರಲ್ಲ, ಅಂಥ ಹೊಂದಾಣಿಕೆ ಇದು.

ಕವೆಮೂಳೆಯನ್ನು ಕಿತ್ತು ಎರಡೂ ತುದಿಗಳನ್ನು ಮೆಲ್ಲಗೆ ಅಗಲಿಸಿ ನೋಡುವುದನ್ನು ಮರೆಯಬೇಡಿ. ಅದು ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಸ್ಟಾರ್ಲಿಂಗ್ ಹಕ್ಕಿಯನ್ನು, ಎಂದರೆ ನಮ್ಮ ಗೊರವಂಕದ ಬಳಗದ್ದನ್ನು, ಗಾಳಿಸುರಂಗದಲ್ಲಿ ಹಾರಿಸಿ ಎಕ್ಸ್-ರೇ ಚಲನಚಿತ್ರ ತೆಗೆದ ಸಂಶೋಧಕರು ಒಂದೊಂದು ಕೆಳಬಡಿತಕ್ಕೂ ಈ ಕವೆ ಸ್ಪ್ರಿಂಗಿನಂತೆ ಅಗಲಿ, ಮೇಲ್ಬಡಿತಕ್ಕೆ ಮರಳಿ ಕೂಡಿಕೊಳ್ಳುವುದನ್ನು 1988ರಲ್ಲಿ ವರದಿ ಮಾಡಿದರು.

ಆರನೆಯ ಹಂತ: ತೂಕ ಮತ್ತು ಬಣ್ಣ

ಬಿಡಿಸಿದ ಪಕ್ಕದ ಎರಡೂ ಸ್ನಾಯುಗಳನ್ನು ಬೇರೆಬೇರೆಯಾಗಿ ತೂಗಿ, ಎರಡರಿಂದ ಗುಣಿಸಿ, ಬರೆದಿಟ್ಟುಕೊಂಡ ಜೀವಂತ ತೂಕದಿಂದ ಭಾಗಿಸಿ. ಹೋಲಿಕೆಗೆ ಪಾರಿವಾಳವನ್ನು ತೆಗೆದುಕೊಳ್ಳಬಹುದು: ಅದರ ದೊಡ್ಡ ಎದೆಸ್ನಾಯುಗಳ ಜೋಡಿ ದೇಹದ ತೂಕದ ಸುಮಾರು ಐದನೇ ಒಂದು ಭಾಗ, ಒಳಗಿನ ಜೋಡಿ ಅದಕ್ಕಿಂತ ಎಷ್ಟೋ ಚಿಕ್ಕದು. ನಿಂತಲ್ಲೇ ತೇಲುವ ಅಮೆರಿಕ ಖಂಡಗಳ ಹಮ್ಮಿಂಗ್‌ಬರ್ಡ್ ಮೇಲ್ಬಡಿತದಲ್ಲೂ ಗಾಳಿಯನ್ನು ಒತ್ತುವುದರಿಂದ ಅದರ ಒಳ ಎದೆಸ್ನಾಯು ಹೊರಗಿನದರ ಸುಮಾರು ಅರ್ಧದಷ್ಟು ತೂಗುತ್ತದೆ. ನೀರಿನಲ್ಲಿ ರೆಕ್ಕೆ ಬೀಸುವ ಪೆಂಗ್ವಿನ್‌ಗೂ ಅದು ದೊಡ್ಡದೇ. ಹಾರಾಟವನ್ನೇ ಬಿಟ್ಟ ಆಸ್ಟ್ರಿಚ್, ಎಮುಗಳಲ್ಲಿ ಏಣೇ ಇಲ್ಲ. ಬ್ರಾಯ್ಲರ್‌ನ ಎದೆ ಲೆಕ್ಕದಲ್ಲಿ ಪಾರಿವಾಳವನ್ನು ಮೀರಿಸಿದರೂ ಅದು ಹಾರಲಾರದು ಎಂಬುದನ್ನು ನೋಡಿದರೆ ತೂಕವೊಂದೇ ಅಳತೆಯಲ್ಲ ಎಂದು ತಿಳಿಯುತ್ತದೆ. ಇಟಲಿಯ ವಿಜ್ಞಾನಿ ಬೊರೆಲ್ಲಿ 1680ರ ಹೊತ್ತಿಗೆ ಪ್ರಕಟವಾದ ತನ್ನ ಗ್ರಂಥದಲ್ಲಿ ಇಂಥದೇ ಲೆಕ್ಕ ಹಾಕಿ, ಮನುಷ್ಯನ ಎದೆಸ್ನಾಯು ಅವನ ತೂಕಕ್ಕೆ ತೀರ ಚಿಕ್ಕದಾದ್ದರಿಂದ ರೆಕ್ಕೆ ಕಟ್ಟಿಕೊಂಡರೂ ಹಾರಲಾರ ಎಂದಿದ್ದ.

ಬಣ್ಣವನ್ನೂ ನೋಡಿ. ಎದೆ ಬಿಳಿ, ತೊಡೆ ಕೆಂಗಂದು. ಕೋಳಿ ದಿನವಿಡೀ ನಡೆಯುತ್ತದೆ, ಹಾರುವುದು ನಾಯಿ ಅಟ್ಟಿಸಿಕೊಂಡು ಬಂದಾಗ. ಬಿಳಿಯ ಎಳೆಗಳು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ಸುಟ್ಟು ಕ್ಷಣಕಾಲ ಭಾರಿ ಬಲ ಕೊಡುತ್ತವೆ, ಬೇಗ ದಣಿಯುತ್ತವೆ. ಬೇಲಿಯಿಂದ ಭರ್ರನೆ ಎದ್ದು ಸ್ವಲ್ಪ ದೂರದಲ್ಲೇ ಇಳಿದುಬಿಡುವ ಗೌಜಲಹಕ್ಕಿಯದೂ ಇದೇ ಬಳಗ, ಇದೇ ಬಗೆಯ ಹಾರಾಟ. ದೂರ ಹಾರುವ ಪಾರಿವಾಳದ ಎದೆ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಕೆಂಪು ವಸ್ತುವನ್ನು ತುಂಬಿಕೊಂಡು ಕಡುಗೆಂಪಾಗಿರುತ್ತದೆ. ರೆಕ್ಕೆ ಚಾಚಿ ಗಂಟೆಗಟ್ಟಲೆ ತೇಲುವ ರಣಹದ್ದು, ಹೆಜ್ಜಾರ್ಲೆಗಳ ಎದೆಸ್ನಾಯುವಿನ ಆಳದಲ್ಲಿ ನಿಧಾನವಾಗಿ ಬಿಗಿದು ದಣಿಯದೆ ಹಿಡಿದಿರುವ ಎಳೆಗಳ ಪದರವೇ ಬೇರೆಯಾಗಿದೆ. ಕಡಲ ಆಲ್ಬಟ್ರಾಸ್‌ನ ಹೆಗಲಲ್ಲಂತೂ ರೆಕ್ಕೆ ಮಟ್ಟಕ್ಕಿಂತ ಮೇಲೇಳದಂತೆ ತಡೆಯುವ ರಜ್ಜುವಿನ ಬೀಗವೇ ಇದೆ.

ಇಲ್ಲಿಗೆ ಕೋಳಿಯ ಕೆಲಸ ಮುಗಿಯಿತು. ಒಳ ಎದೆಸ್ನಾಯುವಿನ ಬಿಳಿಯ ದಾರ ಬೇಯಿಸಿದರೂ ನಾರಾಗಿ ಹಲ್ಲಿಗೆ ಸಿಗುವುದರಿಂದ ಅದರ ತುದಿಯನ್ನು ಫೋರ್ಕಿನ ಹಲ್ಲುಗಳ ನಡುವೆ ಸಿಕ್ಕಿಸಿ ಎಳೆದು ತೆಗೆದು, ಮಾಂಸವನ್ನು ಚೆನ್ನಾಗಿ ಬೇಯಿಸಿ. ಹಲಗೆ, ಚಾಕು, ಕೈ ಮೂರನ್ನೂ ಸೋಪಿನಲ್ಲಿ ತೊಳೆಯಿರಿ.

ಕೊನೆಯ ಹಂತ: ತಾರಸಿಯ ಮೇಲೆ

ಮರುದಿನ ಬೆಳಿಗ್ಗೆ ಪಾರಿವಾಳಗಳು ಇಳಿಯುವ ಜಾಗದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ಮೊಬೈಲಿನಲ್ಲಿ ಸ್ಲೋ ಮೋಷನ್ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಸೆಕೆಂಡಿಗೆ ಆರೇಳು ಬಡಿತವನ್ನು ಬರಿಗಣ್ಣು ಬಿಡಿಸಿ ನೋಡಲಾರದು. ನೆಲದಲ್ಲಿ ಕಾಳು ಹೆಕ್ಕುತ್ತಿರುವ ಒಂದನ್ನೂ ತಾರಸಿಯ ಅಂಚಿನಲ್ಲಿ ಕುಳಿತ ಒಂದನ್ನೂ ಆರಿಸಿಕೊಳ್ಳಿ. ನೆಲದಿಂದ ಏಳುವ ಪಾರಿವಾಳದ ರೆಕ್ಕೆಗಳು ಬೆನ್ನ ಮೇಲೆ ಒಂದಕ್ಕೊಂದು ತಾಗುವಷ್ಟು ಎತ್ತರಕ್ಕೆ ಹೋಗಿ ಚಪ್ಪಾಳೆಯ ಸದ್ದು ಮಾಡುತ್ತವೆ. ಮೊದಲ ನಾಲ್ಕೈದು ಬಡಿತಗಳಲ್ಲಿ ಒಳ ಎದೆಸ್ನಾಯು ದುಡಿಯುವ ದುಡಿತ ಆ ಸದ್ದಿನಲ್ಲೇ ಕೇಳುತ್ತದೆ. ಅಂಚಿನಲ್ಲಿದ್ದದ್ದು ಸುಮ್ಮನೆ ಮುಂದಕ್ಕೆ ವಾಲಿ ಬೀಳುತ್ತದೆ, ಬೀಳುತ್ತಲೇ ವೇಗ ಪಡೆಯುತ್ತದೆ, ರೆಕ್ಕೆ ಅರ್ಧ ಬಿಚ್ಚುವಷ್ಟರಲ್ಲಿ ಗಾಳಿ ಅದನ್ನು ಎತ್ತಿಕೊಂಡಿರುತ್ತದೆ.